ಕನ್ನಡಿಯಂತೆ ಹೊಳೆಯುವ ಸೀಲ್ ಮುಖ ಒಂಬತ್ತೇ ದಿನಕ್ಕೆ ಸೋರಿತು, ಮಂಕಾಗಿದ್ದದ್ದು ಇನ್ನೂ ಓಡುತ್ತಿದೆ: ಕಾರಣವೇನು?

ತೀರ್ಥಹಳ್ಳಿ_ಪಂಪ್‌ಶೆಡ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ಆಸುಪಾಸಿನ ತೋಟಗಳ ಪಂಪುಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ತಿರುಗುವ ಶಾಫ್ಟಿನ ಸುತ್ತ ನೀರು ಹೊರಬರದಂತೆ ಒಂದು ಕಾರ್ಬನ್ ಉಂಗುರವೂ ಒಂದು ಸೆರಾಮಿಕ್ ಬಿಲ್ಲೆಯೂ ಮುಖಕ್ಕೆ ಮುಖ ಒತ್ತಿಕೊಂಡು ಉಜ್ಜುವ ಜೋಡಿಯೇ ಮೆಕ್ಯಾನಿಕಲ್ ಸೀಲ್. ಅದು ಸೋರಿದರೆ ಹೊಸ ಸೆಟ್ ಹಾಕುವುದೇ ರೂಢಿಯಾಗಿತ್ತು. ಕಳೆದ ವರ್ಷದಿಂದ, ಸೆರಾಮಿಕ್ ಬಿಲ್ಲೆ ಒಡೆದಿರದಿದ್ದರೆ ಅದನ್ನೇ ತಿಕ್ಕಿ, ಹೊಸ ಕಾರ್ಬನ್ನಿನ ಜೊತೆಗೆ ಮತ್ತೆ ಕೂರಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ.

ಒಂದೇ ಹಳ್ಳದಿಂದ ನೀರೆತ್ತುವ, ಒಂದೇ ಅಳತೆಯ ಎರಡು 5 ಎಚ್‌ಪಿ ಮೊನೊಬ್ಲಾಕ್ ಪಂಪುಗಳ ಕಥೆ ಇದು. ಮೊದಲನೆಯದರ ಬಿಲ್ಲೆಯನ್ನು ದೀಪಾವಳಿಯ ಹೊತ್ತಿಗೆ ಬೀಡುಕಬ್ಬಿಣದ ಪ್ಲೇಟಿನ ಮೇಲೆ ಪೇಸ್ಟ್ ಹಾಕಿ ತಿಕ್ಕಿದೆ. ಅವಸರವಿದ್ದುದರಿಂದ ಹೊಳಪು ಕೊಡಲು ಹೋಗದೆ, ಸುಣ್ಣ ಬಳಿದ ಗೋಡೆಯಂತೆ ಮಂಕಾಗಿದ್ದ ಹಾಗೆಯೇ ಕೂರಿಸಿದೆ. ಎರಡನೆಯದು ಫೆಬ್ರವರಿಯಲ್ಲಿ ಬಂತು. ಕೈಯಲ್ಲಿ ಸಮಯವಿತ್ತು. ಪ್ಲೇಟಿನ ಕೆಲಸ ಮುಗಿಸಿ, ಗ್ರೈಂಡರಿಗೆ ಉಣ್ಣೆಯ ಬಫ್ ಕಟ್ಟಿ, 1 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಪಾಲು) ಡೈಮಂಡ್ ಪೇಸ್ಟಿನಿಂದ ಅರ್ಧ ಗಂಟೆ ಹೊಳಪು ಕೊಟ್ಟೆ. ಮೇಲಿನ ಟ್ಯೂಬ್‌ಲೈಟು ಅದರೊಳಗೆ ಗೆರೆ ಎಳೆದಂತೆ ಕಾಣುತ್ತಿತ್ತು.

ಮಂಕಾಗಿದ್ದದ್ದು ಇವತ್ತಿಗೂ ಒಂದು ಹನಿ ಸೋರಿಲ್ಲ. ಹೊಳೆಯುತ್ತಿದ್ದದ್ದು ಮೂರನೇ ದಿನಕ್ಕೆ ಕೀರಲು ಶಬ್ದ ಹೊರಡಿಸಿ ಒಂಬತ್ತನೇ ದಿನಕ್ಕೆ ಸೋರಿತು. ಬಿಚ್ಚಿ ನೋಡಿದರೆ ಸುತ್ತಲೂ ಕಾಡಿಗೆಯಂತಹ ಕಪ್ಪು ಪುಡಿ ಕೂತಿತ್ತು. ಕಾರ್ಬನ್ನಿನ ಮುಖ 3 ಮಿ.ಮೀ. ಅಗಲವಿದ್ದರೂ ಸವೆದು ಹೊಳೆಯುತ್ತಿದ್ದ ಪಟ್ಟಿ ನಡುವಿನ ಒಂದು ಮಿ.ಮೀ. ಮಾತ್ರ. ನುಣುಪಾದಷ್ಟೂ ಒಳ್ಳೆಯದು ಎಂದು ನಾನು ಇಷ್ಟು ದಿನ ನಂಬಿದ್ದು ತಪ್ಪೇ?

ಶರಾವತಿ_ಹಿನ್ನೀರು

ಮೊದಲು ಫುಟ್‌ವಾಲ್ವ್ ನೋಡಿ, ಹೀರುಕೊಳವೆಯ ಬುಡದಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವುದು ಅದೇ. ನೀರು ಇಳಿದುಹೋಗಿ ಪಂಪು ಒಣಗಿ ಓಡಿದ್ದರೆ ನುಣುಪೂ ಇಲ್ಲ, ಒರಟೂ ಇಲ್ಲ, ಎಲ್ಲವೂ ಸುಟ್ಟೇ ಹೋಗುತ್ತದೆ.

ಗ್ಲ್ಯಾಂಡ್_ಹಗ್ಗ

ಇದಕ್ಕೇ ನಾನು ಹೇಳುವುದು, ಗ್ಲ್ಯಾಂಡಿಗೆ (ಶಾಫ್ಟ್ ಪಂಪಿನಿಂದ ಹೊರಬರುವ ಜಾಗಕ್ಕೆ) ಹಗ್ಗ ಸುತ್ತುವ ಕಾಲವೇ ಚೆನ್ನಾಗಿತ್ತೆಂದು. ನಟ್ ಬಿಗಿ ಮಾಡುವಾಗ ಹನಿ ಪೂರ್ತಿ ನಿಲ್ಲಬಾರದು ಎಂದು ನನಗೆ ಕೆಲಸ ಕಲಿಸಿದವರು ಕೈಗೆ ಹೊಡೆದು ಹೇಳಿಕೊಟ್ಟಿದ್ದರು. ಆ ಹನಿಯೇ ಶಾಫ್ಟಿಗೂ ಹಗ್ಗಕ್ಕೂ ನಡುವಿನ ಎಣ್ಣೆ. ಹನಿ ನಿಲ್ಲಿಸಿದವರ ಶಾಫ್ಟಿಗೆ ತೊಡಿಸಿದ ಸ್ಲೀವ್ ಆರು ತಿಂಗಳಿಗೆ ಕಬ್ಬಿನ ಗಣ್ಣಿನಂತೆ ಸವೆಯುತ್ತಿತ್ತು. ಈಗಿನವರಿಗೆ ಒಂದು ಹನಿಯೂ ಬೀಳಬಾರದು, ಸವೆಯಲೂಬಾರದು.

ಲ್ಯಾಪ್_ಪ್ಲೇಟ್

ಹಗ್ಗದವರು ವ್ಯಂಗ್ಯವಾಗಿ ಹೇಳಿದ್ದರಲ್ಲಿಯೇ ಅರ್ಧ ಉತ್ತರವಿದೆ. ಮೆಕ್ಯಾನಿಕಲ್ ಸೀಲಿನಲ್ಲಿಯೂ ಆ ಹನಿ ಇರುತ್ತದೆ. ಎರಡು ಮುಖಗಳ ನಡುವೆ ತೆಳ್ಳನೆಯ ಪೊರೆಯಾಗಿ ಹರಡಿ, ಹೊರಗೆ ಬರುವ ಹೊತ್ತಿಗೆ ಆವಿಯಾಗುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಪಂಪ್‌ಶೆಡ್ ಅವರು ಎರಡು ಬೇರೆ ಬೇರೆ ವಿಷಯಗಳನ್ನು ಒಂದೆಂದು ತಿಳಿದಿದ್ದಾರೆ. ನುಣುಪು ಬೇರೆ, ಸಮತಟ್ಟು ಬೇರೆ. ಅಡಿಕೆ ಒಣಗಿಸುವ ಅಂಗಳವನ್ನು ನೆನಪಿಸಿಕೊಳ್ಳಿ. ಸಗಣಿ ಹಾಕಿ ಸಾರಿಸಿದ ಅಂಗಳದ ಮೇಲೆ ಕೈಯಾಡಿಸಿದರೆ ನುಣ್ಣಗಿರುತ್ತದೆ. ಆದರೂ ಒಂದು ಮಳೆ ಬಂದರೆ ನಾಲ್ಕು ಕಡೆ ನೀರು ನಿಲ್ಲುತ್ತದೆ. ಬಫ್ ಮಾಡುವುದೆಂದರೆ ಸೀಲಿನ ಮುಖವನ್ನು ಹಾಗೆ ಸಾರಿಸಿದಂತೆ. ಉಣ್ಣೆ ಮೆತ್ತಗಿರುವುದರಿಂದ ಅಂಚುಗಳಲ್ಲಿ ಬಗ್ಗಿ, ನಡುವಿಗಿಂತ ಅಂಚನ್ನೇ ಹೆಚ್ಚು ತಿನ್ನುತ್ತದೆ. ನಿಮ್ಮ ಬಿಲ್ಲೆ ಈಗ ಗುಬ್ಬಚ್ಚಿಯ ಬೆನ್ನಿನಂತೆ ಉಬ್ಬಿದೆ. ಮೂರು ಮಿ.ಮೀ. ಅಗಲದ ಕಾರ್ಬನ್ ಒಂದೇ ಮಿ.ಮೀ. ಪಟ್ಟಿಯಲ್ಲಿ ಕೂತಿದೆ ಎಂದರೆ ಸ್ಪ್ರಿಂಗಿನ ಭಾರವೆಲ್ಲ ಅದರ ಮೇಲೆಯೇ ಬಿದ್ದಿದೆ. ಪೊರೆ ಹರಿದು, ಕಾರ್ಬನ್ ಪುಡಿಯಾಗಿ, ಕೀರಲು ಶಬ್ದ ಬಂದಿದೆ. ಕಾಯಿಲೆ ಹೊಳಪಿನಿಂದ ಬಂದದ್ದಲ್ಲ, ಹೊಳಪು ಕೊಟ್ಟ ರೀತಿಯಿಂದ ಬಂದದ್ದು.

ತೀರ್ಥಹಳ್ಳಿ_ಪಂಪ್‌ಶೆಡ್

ಕಣ್ಣಿಗೆ ಕಾಣದ ಉಬ್ಬನ್ನು ನಾನು ಹೇಗೆ ಪತ್ತೆ ಮಾಡಲಿ, ಮಾರಾಯರೇ? ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟು ದೀಪಕ್ಕೆ ಹಿಡಿದು ನೋಡಿದೆ. ಬೆಳಕು ನುಸುಳಲಿಲ್ಲ.

ನ್ಯೂಟನ್_ಉಂಗುರ

ಸ್ಟೀಲ್ ಸ್ಕೇಲಿನ ಅಂಚಿನ ತಪ್ಪೇ ಈ ಉಬ್ಬಿಗಿಂತ ದೊಡ್ಡದಿರುತ್ತದೆ. ನಾನು ಶಿವಮೊಗ್ಗದಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ನ್ಯೂಟನ್ನನ ಉಂಗುರಗಳನ್ನು ನೋಡುವ ಆ ಹಳದಿ ಸೋಡಿಯಂ ದೀಪವೇ ಇದಕ್ಕೂ ಸಾಕು. ಬಿಲ್ಲೆಯ ಮೇಲೆ ಆಪ್ಟಿಕಲ್ ಫ್ಲಾಟ್ ಎಂಬ, ಬಹಳ ನಿಖರವಾಗಿ ಸಮತಟ್ಟು ಮಾಡಿದ ಗಾಜನ್ನಿಟ್ಟು ಆ ದೀಪದ ಕೆಳಗೆ ನೋಡಿದರೆ ಕಪ್ಪು ಪಟ್ಟಿಗಳು ಮೂಡುತ್ತವೆ. ಸೋಡಿಯಂ ಬೆಳಕಿನ ತರಂಗದೂರ 589 ನ್ಯಾನೋಮೀಟರ್. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋದರೆ ಎತ್ತರದಲ್ಲಿ ಅದರ ಅರ್ಧದಷ್ಟು, ಎಂದರೆ ಸುಮಾರು 0.29 ಮೈಕ್ರಾನ್ ವ್ಯತ್ಯಾಸವಾಗಿದೆ ಎಂದು ಅರ್ಥ. ಪಟ್ಟಿಗಳು ನೇರವಾಗಿದ್ದರೆ ಮುಖ ಸಮತಟ್ಟಾಗಿದೆ, ಬಿಲ್ಲಿನಂತೆ ಬಾಗಿದ್ದರೆ ಅಥವಾ ಉಂಗುರಗಳಾಗಿದ್ದರೆ ಉಬ್ಬೋ ತಗ್ಗೋ ಇದೆ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಎಂದರೆ, ನಾವು ಯಾವ ಅಳತೆಯ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ತಿಳಿಯುತ್ತದೆ.

ಕಿಟಕಿಯ ಗಾಜನ್ನು ಮಾತ್ರ ಬಳಸಬೇಡಿ. ಅದು ತನ್ನದೇ ಅಂಕುಡೊಂಕನ್ನು ತೋರಿಸುತ್ತದೆ. ಶಿವಮೊಗ್ಗಕ್ಕೆ ಬಂದಾಗ ಎರಡೂ ಬಿಲ್ಲೆಗಳನ್ನು ತನ್ನಿ, ನೋಡೋಣ.

ಲ್ಯಾಪ್_ಪ್ಲೇಟ್

ಅವರು ಹೇಳಿದ್ದು ಸರಿ. ಸೀಲಿನ ಕೆಲಸದಲ್ಲಿ ಎರಡು ಮೂರು ಪಟ್ಟಿಯೊಳಗೆ ಇರಬೇಕು ಎಂಬುದು ಸಾಮಾನ್ಯ ಲೆಕ್ಕ. ಒಂದು ಮಾತು ಸೇರಿಸುತ್ತೇನೆ. ಪೂರ್ತಿ ಮಂಕಾದ ಮುಖದಲ್ಲಿ ಬೆಳಕು ಚೆದುರುವುದರಿಂದ ಪಟ್ಟಿಗಳು ಕಾಣುವುದೇ ಇಲ್ಲ. ಅದಕ್ಕಾಗಿಯೇ ನಾವು ಕೊನೆಯಲ್ಲಿ ಸ್ವಲ್ಪ ಹೊಳಪು ಕೊಡುತ್ತೇವೆ. ಆ ಹೊಳಪು ಇರುವುದು ಅಳತೆ ಮಾಡುವವನ ಕಣ್ಣಿಗಾಗಿ. ಇದು ಗೊತ್ತಿಲ್ಲದವರು ಹೊಳಪೇ ಗುರಿ ಎಂದು ತಿಳಿದು ಬಫ್ ಹಿಡಿಯುತ್ತಾರೆ.

ಲ್ಯಾಂಬ್ಡಾ

ಸಾಗರದವನು, ಈಗ ಬೆಂಗಳೂರಿನಲ್ಲಿ ಬೇರಿಂಗ್ ಮತ್ತು ಸೀಲುಗಳ ವಿನ್ಯಾಸದ ಕೆಲಸದಲ್ಲಿದ್ದೇನೆ. ಸಮತಟ್ಟಿನ ವಿಷಯ ಇತ್ಯರ್ಥವಾಯಿತು ಎಂದುಕೊಳ್ಳೋಣ. ಒರಟುತನದ ಪ್ರಶ್ನೆ ಹಾಗೆಯೇ ಉಳಿದಿದೆ.

ಒರಟುತನವನ್ನು ಒಂಟಿಯಾಗಿ ನೋಡಿದರೆ ಅರ್ಥವಿಲ್ಲ, ಪೊರೆಯ ದಪ್ಪದ ಪಕ್ಕದಲ್ಲಿಟ್ಟು ನೋಡಬೇಕು. ಪೊರೆಯ ದಪ್ಪವನ್ನು ಎರಡೂ ಮುಖಗಳ ಒಟ್ಟು ಒರಟುತನದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಲ್ಯಾಂಬ್ಡಾ ಎನ್ನುತ್ತೇವೆ (ನನ್ನ ಹೆಸರಿನ ಗುಟ್ಟು ಇದೇ). ಅದು 3ಕ್ಕಿಂತ ಹೆಚ್ಚಿದ್ದರೆ ಮುಖಗಳು ಬಹುಮಟ್ಟಿಗೆ ಒಂದನ್ನೊಂದು ಮುಟ್ಟದೆ ನೀರಿನ ಮೇಲೆ ತೇಲುತ್ತವೆ. 1ಕ್ಕಿಂತ ಕಡಿಮೆಯಿದ್ದರೆ ಭಾರವನ್ನೆಲ್ಲ ಮುಖದ ಮೇಲಿನ ಸೂಕ್ಷ್ಮ ದಿಣ್ಣೆಗಳ ತುದಿಗಳೇ ಹೊರುತ್ತವೆ. ನಡುವಿನದು ಬೆರಕೆ ಸ್ಥಿತಿ. ಸ್ವಲ್ಪ ಭಾರ ನೀರಿಗೆ, ಸ್ವಲ್ಪ ದಿಣ್ಣೆಗಳಿಗೆ. ನೀರಿನ ಪಂಪಿನ ಹೆಚ್ಚಿನ ಸೀಲುಗಳು ಬದುಕುವುದು ಈ ಬೆರಕೆ ಸ್ಥಿತಿಯಲ್ಲಿ.

ಉದಾಹರಣೆಗೆ ಪೊರೆ 0.5 ಮೈಕ್ರಾನ್ ಇದೆ ಎಂದುಕೊಳ್ಳಿ. ಕಾರ್ಬನ್ನಿನ ಒರಟುತನ 0.2, ಸೆರಾಮಿಕ್ಕಿನದು 0.15. ಎರಡನ್ನೂ ನೇರವಾಗಿ ಕೂಡಿಸುವಂತಿಲ್ಲ, ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಒಟ್ಟು 0.25 ಬರುತ್ತದೆ, ಲ್ಯಾಂಬ್ಡಾ 2. ಈಗ ಪಂಪ್‌ಶೆಡ್ ಅವರು ಅರ್ಧ ಗಂಟೆ ಬೆವರು ಸುರಿಸಿ ಸೆರಾಮಿಕ್ಕನ್ನು 0.02ಕ್ಕೆ ಇಳಿಸಿದರು ಎನ್ನೋಣ. ಒಟ್ಟು 0.2ಕ್ಕೆ ಮಾತ್ರ ಇಳಿಯುತ್ತದೆ, ಏಕೆಂದರೆ ಕಾರ್ಬನ್ನಿನ ಒರಟುತನ ಹಾಗೆಯೇ ಇದೆ. ಲ್ಯಾಂಬ್ಡಾ 2.5 ಆಗುತ್ತದೆ, ಸ್ಥಿತಿ ಬದಲಾಗುವುದಿಲ್ಲ. ಅದೇ ಸೆರಾಮಿಕ್ಕನ್ನು ಒರಟಾಗಿ 0.5ರಲ್ಲಿ ಬಿಟ್ಟಿದ್ದರೆ ಲ್ಯಾಂಬ್ಡಾ 1ಕ್ಕಿಂತ ಕೆಳಗಿಳಿದು, ಗಟ್ಟಿಯಾದ ಮುಖ ಅರದಂತೆ ಕಾರ್ಬನ್ನನ್ನು ತಿನ್ನುತ್ತಿತ್ತು. ಎಂದರೆ ಒರಟುತನ ಹೆಚ್ಚಾದರೆ ನಷ್ಟ ದೊಡ್ಡದು. ಒಂದು ಮಟ್ಟದ ನಂತರ ನುಣುಪು ಹೆಚ್ಚಿಸಿದರೆ ಲಾಭ ಅತ್ಯಲ್ಪ.

ಹೊಸನಗರ_ತೋಟದವ

ನಾನು ಪಂಪು ಬಳಸುವವನೇ ಹೊರತು ಬಿಚ್ಚುವವನಲ್ಲ. ಆದರೆ ನಿಮ್ಮ ಲೆಕ್ಕದ ಪ್ರಕಾರವೇ 2ಕ್ಕಿಂತ 2.5 ಮೇಲು. ಹಾಗಿದ್ದ ಮೇಲೆ ನುಣುಪು ಅಷ್ಟಿಷ್ಟಾದರೂ ಒಳ್ಳೆಯದೇ ಎಂದಾಯಿತಲ್ಲ? ಕಾರ್ಬನ್ನನ್ನೂ ಸೆರಾಮಿಕ್ಕನ್ನೂ ಎರಡನ್ನೂ ಗಾಜಿನಂತೆ ಮಾಡಿದರೆ ಲ್ಯಾಂಬ್ಡಾ ಹತ್ತಿಪ್ಪತ್ತು ದಾಟಬೇಕು. ಯಾಕೆ ಮಾಡುವುದಿಲ್ಲ?

ಲ್ಯಾಂಬ್ಡಾ

ಪ್ರಶ್ನೆ ಚೆನ್ನಾಗಿದೆ. ಪೊರೆ 0.5ರಲ್ಲಿಯೇ ನಿಲ್ಲುತ್ತದೆ ಎಂದು ನಾನು ಸುಲಭಕ್ಕಾಗಿ ಹಿಡಿದುಕೊಂಡಿದ್ದೆ. ವಾಸ್ತವದಲ್ಲಿ ಮುಖದ ರಚನೆ ಬದಲಾದರೆ ಪೊರೆಯೂ ಬದಲಾಗುತ್ತದೆ.

1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ತೋರಿಸಿಕೊಟ್ಟ ಲೆಕ್ಕದ ಪ್ರಕಾರ, ಜಾರುವ ಎರಡು ಮುಖಗಳ ನಡುವಿನ ದ್ರವದಲ್ಲಿ ಒತ್ತಡ ಹುಟ್ಟಬೇಕಾದರೆ ಸಂದು ಬೆಣೆಯಂತೆ ಕಿರಿದಾಗುತ್ತಾ ಹೋಗಬೇಕು. ಸೀಲಿನ ಮುಖಗಳು ಸಮಾನಾಂತರವಾಗಿರುತ್ತವೆ, ಬೆಣೆಯೇ ಇಲ್ಲ. ಹಾಗಾದರೆ ಪೊರೆ ಭಾರ ಹೊರುವುದು ಹೇಗೆ? ಒಳಗಿನ ನೀರಿನ ಒತ್ತಡವೇ ಸಂದಿನೊಳಗೆ ನುಗ್ಗಿ ಒಂದು ಪಾಲನ್ನು ಹೊರುತ್ತದೆ. ಉಳಿದದ್ದರ ಬಗ್ಗೆ 1966ರಲ್ಲಿ ಹ್ಯಾಮಿಲ್ಟನ್, ವಾಲೋವಿಟ್ ಮತ್ತು ಆಲನ್ ಒಂದು ವಿವರಣೆ ಕೊಟ್ಟರು. ಮೇಲ್ಮೈಯ ಸೂಕ್ಷ್ಮ ಏರುತಗ್ಗುಗಳಲ್ಲಿ ಪ್ರತಿಯೊಂದೂ ಪುಟ್ಟ ಬೆಣೆಯಂತೆ ವರ್ತಿಸುತ್ತದೆ. ಏರಿನ ಕಡೆ ನೀರು ಒತ್ತಿಕೊಂಡು ಒತ್ತಡ ಹೆಚ್ಚುತ್ತದೆ. ಇಳಿಜಾರಿನ ಕಡೆ ಒತ್ತಡ ಅಷ್ಟೇ ಕುಸಿಯಬೇಕಿತ್ತು, ಆದರೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಲು ಹೋದರೆ ನೀರು ಗುಳ್ಳೆಯಾಗಿ ಒಡೆಯುವುದರಿಂದ ಕುಸಿತ ಅಲ್ಲಿಗೇ ನಿಲ್ಲುತ್ತದೆ. ಏರಿಕೆಗೆ ಮಿತಿಯಿಲ್ಲ, ಇಳಿಕೆಗೆ ಮಿತಿಯಿದೆ. ಉಳಿಕೆಯ ಒತ್ತಡವೇ ಮುಖಗಳನ್ನು ಎತ್ತಿಹಿಡಿಯುತ್ತದೆ.

ಏರುತಗ್ಗನ್ನೆಲ್ಲ ಅಳಿಸಿಬಿಟ್ಟರೆ ಎತ್ತಿಹಿಡಿಯುವ ಈ ಕೈಗಳನ್ನೂ ಕತ್ತರಿಸಿದಂತೆ. ಇದನ್ನೇ ಬೇಕೆಂದು ಬಳಸಿಕೊಂಡವರೂ ಇದ್ದಾರೆ. 1990ರ ದಶಕದಲ್ಲಿ ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಇಝಾಕ್ ಎಟ್ಸಿಯಾನ್, ನುಣುಪಾದ ಸೀಲ್ ಮುಖದ ಮೇಲೆ ಲೇಸರಿನಿಂದ ಕೆಲವೇ ಮೈಕ್ರಾನ್ ಆಳದ ಸಾವಿರಾರು ಕುಳಿಗಳನ್ನು ಕೊರೆದು ಘರ್ಷಣೆ ಇಳಿಯುವುದನ್ನು ತೋರಿಸಿದರು.

ಬೋರ್_ಹೋನಿಂಗ್

ಇದನ್ನು ನಾವು ಗ್ಯಾರೇಜಿನಲ್ಲಿ ಯಾವತ್ತಿನಿಂದಲೋ ಮಾಡುತ್ತಿದ್ದೇವೆ. ಸಿಲಿಂಡರ್ ಬೋರ್ ಮಾಡಿದ ಮೇಲೆ ಹೋನಿಂಗ್ ಕಲ್ಲು ಹಾಕಿ ಓರೆ ಗೆರೆಗಳ ಜಾಲ ಎಳೆಯದಿದ್ದರೆ ಆಯಿಲ್ ನಿಲ್ಲುವುದಿಲ್ಲ, ರಿಂಗ್ ಕಚ್ಚುತ್ತದೆ. ಗಾಜಿನಂತೆ ಹೊಳೆಯುವ ಬೋರ್ ಕಂಡರೆ ನಮಗೆ ಭಯ. ಸೀಲಿನ ಮುಖಕ್ಕೂ ಎಮೆರಿ ಕಾಗದದಿಂದ ಹಾಗೆಯೇ ಎರಡು ಗೆರೆ ಎಳೆದರೆ ಆಯಿತಲ್ಲವೇ?

ಲ್ಯಾಪ್_ಪ್ಲೇಟ್

ದಯವಿಟ್ಟು ಹಾಗೆ ಮಾಡಬೇಡಿ, ಓದಿದವರು ಯಾರಾದರೂ ನಿಜವಾಗಿಯೂ ಮಾಡಿಬಿಟ್ಟಾರು. ಬೋರಿನಲ್ಲಿ ಗೆರೆಗೆ ಆಯಿಲ್ ಹಿಡಿದಿಡುವ ಕೆಲಸ ಮಾತ್ರ. ಸೀಲಿನ ಮುಖದಲ್ಲಿ ಒಳಗಿನಿಂದ ಹೊರಗೆ ಹೋಗುವ ಒಂದೇ ಒಂದು ಗೀರು ನೀರಿಗೆ ಕಾಲುವೆಯಾಗುತ್ತದೆ. ಸೋರಿಕೆ ಸಂದಿನ ಘನಕ್ಕೆ ಅನುಗುಣವಾಗಿರುತ್ತದೆ ಎಂಬುದನ್ನು ಮರೆಯಬಾರದು: ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು. ಲೇತಿನಲ್ಲಿ ಮುಖ ಕೊರೆದು ಹಾಗೆಯೇ ಹಾಕಿದ ಸೀಲುಗಳನ್ನೂ ನೋಡಿದ್ದೇನೆ. ಟೂಲಿನ ಗೆರೆ ಸುರುಳಿಯಾಗಿರುವುದರಿಂದ ಶಾಫ್ಟ್ ತಿರುಗುವ ದಿಕ್ಕಿಗೆ ತಕ್ಕಂತೆ ನೀರನ್ನು ಒಳಕ್ಕೋ ಹೊರಕ್ಕೋ ತಳ್ಳುತ್ತದೆ. ಪ್ಲೇಟಿನ ಮೇಲೆ ಇಂಗ್ಲಿಷ್ ಎಂಟರ ಆಕಾರದಲ್ಲಿ ಕೈಯಾಡಿಸಿ, ಆಗಾಗ ಬಿಲ್ಲೆಯನ್ನು ತಿರುಗಿಸಿ ಹಿಡಿಯುವುದು ಯಾವ ದಿಕ್ಕಿಗೂ ಗೆರೆ ನಿಲ್ಲಬಾರದು ಎಂದೇ.

ಬೋರ್_ಹೋನಿಂಗ್

ಸರಿ, ಒಪ್ಪಿದೆ. ಎಮೆರಿ ಕಾಗದವನ್ನು ಹಿಂತೆಗೆದುಕೊಂಡಿದ್ದೇನೆ. ಆದರೆ ನಮ್ಮಲ್ಲಿಯೂ ಒಂದು ಸೂಕ್ಷ್ಮವಿದೆ. ಒರಟು ಕಲ್ಲಿನಲ್ಲಿ ಗೆರೆ ಎಳೆದ ಮೇಲೆ ನುಣುಪು ಕಲ್ಲನ್ನು ನಾಲ್ಕು ಸಲ ಆಡಿಸಿ ದಿಣ್ಣೆಗಳ ತಲೆಯನ್ನಷ್ಟೇ ಹಾರಿಸುತ್ತೇವೆ. ಕಣಿವೆ ಉಳಿಯುತ್ತದೆ, ಶಿಖರ ಹೋಗುತ್ತದೆ.

ಲ್ಯಾಂಬ್ಡಾ

ಬೋರ್ ಅವರೇ, ಈ ಚರ್ಚೆಯಲ್ಲಿ ಅತ್ಯಂತ ಮುಖ್ಯವಾದ ಮಾತನ್ನು ನೀವು ಸಲೀಸಾಗಿ ಹೇಳಿಬಿಟ್ಟಿರಿ. ನಾವೆಲ್ಲ ಬಳಸುವ ಆರ್‌ಎ ಎಂಬ ಒರಟುತನದ ಸಂಖ್ಯೆ ಬರಿಯ ಸರಾಸರಿ. ಆಗುಂಬೆಯ ಘಾಟಿಯ ಅಂಚಿನಂತೆ, ಮೇಲೆ ಚಪ್ಪಟೆಯಾದ ಹರವು ಇದ್ದು ಅಲ್ಲಲ್ಲಿ ಆಳವಾದ ಕಣಿವೆ ಬಿದ್ದ ಮೇಲ್ಮೈಗೂ, ಬಯಲಿನಲ್ಲಿ ಚೂಪಾದ ಗುಡ್ಡಗಳು ಎದ್ದು ನಿಂತ ಮೇಲ್ಮೈಗೂ ಆರ್‌ಎ ಒಂದೇ ಬರಬಹುದು. ಮೊದಲನೆಯದು ನೀರನ್ನು ಕಣಿವೆಯಲ್ಲಿ ಹಿಡಿದುಕೊಂಡು ಭಾರವನ್ನು ಹರವಿನ ಮೇಲೆ ಹೊರುತ್ತದೆ. ಎರಡನೆಯದು ಪೊರೆಯನ್ನು ಚುಚ್ಚಿ ಎದುರಿನ ಮುಖವನ್ನು ಕೆರೆಯುತ್ತದೆ. ಹಾಗಾಗಿ "ಆರ್‌ಎ 0.1 ಇದೆ" ಎಂದು ಯಾರಾದರೂ ಸರ್ಟಿಫಿಕೇಟ್ ಕೊಟ್ಟರೆ ನಾನು ಅದನ್ನು ಅರ್ಧ ಮಾತ್ರ ನಂಬುತ್ತೇನೆ.

ನ್ಯೂಟನ್_ಉಂಗುರ

ಅಳೆಯುವ ಉಪಕರಣದ ಮಿತಿಯನ್ನೂ ಗಮನಿಸಿ. ಮೇಲ್ಮೈಯ ಮೇಲೆ ಎಳೆಯುವ ಮುಳ್ಳಿನ ತುದಿಯೇ 2 ಅಥವಾ 5 ಮೈಕ್ರಾನ್ ತ್ರಿಜ್ಯದ ಗುಂಡು. ಅದಕ್ಕಿಂತ ಕಿರಿದಾದ ಸೀಳಿನೊಳಗೆ ಅದು ಇಳಿಯುವುದೇ ಇಲ್ಲ.

ಗ್ಲ್ಯಾಂಡ್_ಹಗ್ಗ

ಇಷ್ಟೆಲ್ಲ ಯಾಕೆ? ಬೀಸುಕಲ್ಲು ಸವೆದು ನುಣ್ಣಗಾದರೆ ಕಲ್ಲುಕುಟಿಗರನ್ನು ಕರೆಸಿ ಉಳಿಯಿಂದ ಮುಳ್ಳು ಮಾಡಿಸುತ್ತಿದ್ದೆವು. ಅದೇ ತತ್ವ.

ಲ್ಯಾಪ್_ಪ್ಲೇಟ್

ಬೀಸುಕಲ್ಲು ಅರೆಯಲು ಇರುವುದು, ಸೀಲು ಅರೆಯದೇ ಇರಲು ಇರುವುದು. ಹೋಲಿಕೆ ತಲೆಕೆಳಗಾಯಿತು, ಹಗ್ಗದವರೇ.

ಹೊಸನಗರ_ತೋಟದವ

ನನ್ನ ಅನುಭವದ್ದೊಂದು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಯಂತ್ರದಲ್ಲಿ ಪ್ರತಿ ವರ್ಷ ಸೀಲು ಹೋಗುತ್ತದೆ. 100 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಎಷ್ಟು ಸೋಸಿದರೂ ಸುಣ್ಣದ ಹರಳು ಉಳಿದೇ ಉಳಿಯುತ್ತದೆ. ಅದು ಮುಖವನ್ನು ಗೀರುವುದರಿಂದಲೇ ಹೀಗಾಗುತ್ತಿರಬೇಕು.

ಶರಾವತಿ_ಹಿನ್ನೀರು

ಪಿಸ್ಟನ್ ಇರುವ ಆ ಯಂತ್ರದಲ್ಲಿ ಮೆಕ್ಯಾನಿಕಲ್ ಸೀಲ್ ಇರುವುದಿಲ್ಲ, ತುಟಿಯಂತಹ ಪ್ಯಾಕಿಂಗ್ ಇರುತ್ತದೆ. ಹರಳು ಗೀರುವುದು ನಿಜ, ಆದರೆ ಅದು ಬೇರೆ ಕಥೆ.

ಹೊಸನಗರ_ತೋಟದವ

ತಿದ್ದಿದ್ದಕ್ಕೆ ಧನ್ಯವಾದ. ಹಾಗಾದರೆ ಇದು ಖಂಡಿತ ಮೆಕ್ಯಾನಿಕಲ್ ಸೀಲಿನದೇ. ಮಳೆಗಾಲವಿಡೀ ನಮ್ಮ ಪಂಪಿಗೆ ಕೆಲಸವಿಲ್ಲ, ಜೂನಿನಲ್ಲಿ ನಿಲ್ಲಿಸಿದರೆ ಡಿಸೆಂಬರಿನಲ್ಲಿಯೇ ಸ್ವಿಚ್ ಹಾಕುವುದು. ಎರಡು ವರ್ಷದ ಹಿಂದೆ ಮೊದಲ ದಿನ ಸ್ವಿಚ್ ಹಾಕಿದ ಕೂಡಲೇ 'ಟಕ್' ಎಂದಿತು, ಆಮೇಲೆ ಧಾರೆಯಾಗಿ ಸೋರಿತು. ಬಿಚ್ಚಿದಾಗ ಕಾರ್ಬನ್ನಿನ ಮುಖದಿಂದ ಚಕ್ಕೆ ಎದ್ದು ಬಂದಿತ್ತು. ಓಡದೇ ಇದ್ದ ಸೀಲು ಕೆಟ್ಟದ್ದು ಹೇಗೆ ಎಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಲ್ಯಾಪ್_ಪ್ಲೇಟ್

ಅತಿ ನುಣುಪಿನ ಇನ್ನೊಂದು ಕಾಟ ಇದು. ಒದ್ದೆಯಾದ ಎರಡು ಗಾಜಿನ ತುಂಡುಗಳನ್ನು ಒಂದರ ಮೇಲೊಂದು ಒತ್ತಿ ಬೇರೆ ಮಾಡಲು ನೋಡಿ. ಟೂಲ್‌ರೂಮಿನಲ್ಲಿ ಅಳತೆಗೆ ಬಳಸುವ ಸ್ಲಿಪ್ ಗೇಜುಗಳನ್ನು ಒರೆಸಿ ತಿರುಚಿ ಒತ್ತಿದರೆ ಅಂಟಿಲ್ಲದೆಯೇ ಅಂಟಿಕೊಳ್ಳುವುದು ಅವುಗಳ ನುಣುಪು ಮತ್ತು ಸಮತಟ್ಟಿನಿಂದಲೇ. ನಿಮ್ಮ ಪಂಪು ಆರು ತಿಂಗಳು ನಿಂತಿದ್ದಾಗ ಸಂದಿನ ನೀರು ಹಿಂಡಿಹೋಗಿ, ನಮ್ಮ ಕೆಮ್ಮಣ್ಣಿನ ನೀರಿನಲ್ಲಿರುವ ಕಬ್ಬಿಣದ ಕಿಟ್ಟವೂ ಕೂತು, ಎರಡು ಮುಖಗಳು ಒಂದಾಗಿದ್ದವು. ಮೋಟಾರು ಒಮ್ಮೆಲೇ ಎಳೆದಾಗ ಕಾರ್ಬನ್ ಸೋತಿತು. ಹಂಗಾಮಿನ ಮೊದಲ ದಿನ ಸ್ವಿಚ್ ಹಾಕುವ ಮುನ್ನ, ಮೇನ್ ಆಫ್ ಇರುವಾಗಲೇ, ಫ್ಯಾನಿನ ಕಡೆಯಿಂದ ಶಾಫ್ಟನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ. ಖರ್ಚಿಲ್ಲದ ಔಷಧ.

ಲ್ಯಾಂಬ್ಡಾ

ಶಾಖದ ವಿಷಯವನ್ನು ಯಾರೂ ಎತ್ತಲಿಲ್ಲ, ಆದರೆ ಮೂರನೇ ದಿನದ ಕೀರಲು ಒಂಬತ್ತನೇ ದಿನದ ಸೋರಿಕೆಯಾದದ್ದು ಬಹುಶಃ ಅದರಿಂದ. ಮುಖದ ಸರಾಸರಿ ವ್ಯಾಸ 33 ಮಿ.ಮೀ., ವೇಗ ನಿಮಿಷಕ್ಕೆ 2900 ಸುತ್ತು ಎಂದರೆ ಮುಖಗಳು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಉಜ್ಜುತ್ತವೆ. ಮುಖಗಳನ್ನು ಒತ್ತುವ ಭಾರ ಸುಮಾರು 90 ನ್ಯೂಟನ್ ಎಂದಿಟ್ಟುಕೊಳ್ಳಿ. ಪೊರೆ ಚೆನ್ನಾಗಿದ್ದು ಘರ್ಷಣೆಯ ಗುಣಾಂಕ 0.02 ಇದ್ದರೆ ಹುಟ್ಟುವ ಶಾಖ 9 ವ್ಯಾಟ್. ದೇವರ ಮುಂದೆ ಉರಿಯುವ ಸಣ್ಣ ಬಲ್ಬಿನಷ್ಟು, ನೀರು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಪೊರೆ ಹರಿದು ಗುಣಾಂಕ 0.1ಕ್ಕೆ ಏರಿದರೆ 45 ವ್ಯಾಟ್. ಬೆಸುಗೆ ಹಾಕುವ ಕಾದ ಕಡ್ಡಿಯೊಂದನ್ನು ಆ ಸಣ್ಣ ಉಂಗುರಕ್ಕೆ ಇಡೀ ದಿನ ಹಿಡಿದಂತೆ.

ಇದರ ಮೇಲೆ ಇನ್ನೊಂದು ಪೆಟ್ಟು ಇದೆ. ನೀರಿನ ಸ್ನಿಗ್ಧತೆ 20 ಡಿಗ್ರಿಯಲ್ಲಿ ಇದ್ದದ್ದು 80 ಡಿಗ್ರಿಗೆ ಹೋದಾಗ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಸ್ನಿಗ್ಧತೆ ಇಳಿದರೆ ಪೊರೆ ತೆಳುವಾಗುತ್ತದೆ, ಪೊರೆ ತೆಳುವಾದರೆ ಉಜ್ಜುವಿಕೆ ಹೆಚ್ಚುತ್ತದೆ, ಉಜ್ಜಿದಷ್ಟೂ ಶಾಖ. ಒಂದು ಸಲ ಈ ಸುಳಿಗೆ ಬಿದ್ದ ಸೀಲು ತಾನಾಗಿ ಮೇಲೆ ಬರುವುದು ಅಪರೂಪ. ಅದೇ ಒರಟುತನದ ಮುಖಗಳು ಗೇರ್ ಆಯಿಲಿನಲ್ಲಿದ್ದರೆ ಏನೂ ಆಗುತ್ತಿರಲಿಲ್ಲ. ನೀರು ಬಡ ಎಣ್ಣೆ, ಅದಕ್ಕೇ ಅದರಲ್ಲಿ ಓಡುವ ಮುಖದ ಮೇಲೆ ಇಷ್ಟು ಕಣ್ಣಿಡಬೇಕು.

ಬೋರ್_ಹೋನಿಂಗ್

ಆಲೆಮನೆಯಲ್ಲಿ ಜೋನಿಬೆಲ್ಲ ಎತ್ತುವ ಪಂಪಿಗೆ ಹಾಗಾದರೆ ಯಾವ ಸೀಲಾದರೂ ಆದೀತು, ಪೊರೆ ಗೇಣುದ್ದ ನಿಲ್ಲುತ್ತದೆ!

ಲ್ಯಾಂಬ್ಡಾ

ಓಡುವಾಗ ನಿಲ್ಲುತ್ತದೆ. ನಿಲ್ಲಿಸಿದ ಮೇಲೆ ಮುಖಗಳ ನಡುವೆ ಬೆಲ್ಲ ಹರಳುಗಟ್ಟಿ, ಹೊಸನಗರದವರ 'ಟಕ್' ನಿಮಗೂ ಕೇಳಿಸುತ್ತದೆ.

ತೀರ್ಥಹಳ್ಳಿ_ಪಂಪ್‌ಶೆಡ್

ಮೊನ್ನೆ ಶಿವಮೊಗ್ಗಕ್ಕೆ ಹೋಗಿ ನ್ಯೂಟನ್ ಅವರ ಪ್ರಯೋಗಾಲಯದಲ್ಲಿ ಎರಡು ಗಂಟೆ ಕೂತು ಬಂದೆ. ಮಂಕಾದ ಬಿಲ್ಲೆ ಓಡುತ್ತಿರುವ ಪಂಪಿನಲ್ಲಿರುವುದರಿಂದ ಅದನ್ನು ಬಿಚ್ಚಲು ತೋಟದವರು ಬಿಡಲಿಲ್ಲ. ಅದಕ್ಕೆ ಅದೇ ರೀತಿಯಲ್ಲಿ ಪ್ಲೇಟಿನ ಮೇಲೆ ಇನ್ನೊಂದು ಬಿಲ್ಲೆಯನ್ನು ತಿಕ್ಕಿ ಒಯ್ದಿದ್ದೆ.

ಬಫ್ ಮಾಡಿದ ಬಿಲ್ಲೆಯ ಮೇಲೆ ಗಾಜಿಟ್ಟ ಕೂಡಲೇ, ಹಳದಿ ಬೆಳಕಿನಲ್ಲಿ ಮರದ ಕಾಂಡ ಕೊಯ್ದಾಗ ಕಾಣುವ ವರ್ಷದ ಬಳೆಗಳಂತೆ ಉಂಗುರಗಳು ಎದ್ದು ಬಂದವು. ಬಿಲ್ಲೆಯ ನಡು ಅಗಲದಿಂದ ಹೊರ ಅಂಚಿಗೆ ಎಣಿಸಿದರೆ ಏಳು. ಎಂದರೆ ಅಂಚು ಸುಮಾರು 2 ಮೈಕ್ರಾನ್ ಕೆಳಗಿದೆ. ಇಷ್ಟು ದಿನ ಹೆಮ್ಮೆಯಿಂದ ಹೊಳಪು ಕೊಟ್ಟ ಕೈ ನಾಚಿಕೊಂಡಿತು. ಮಂಕು ಬಿಲ್ಲೆಯಲ್ಲಿ ಲ್ಯಾಪ್_ಪ್ಲೇಟ್ ಅವರು ಹೇಳಿದಂತೆ ಏನೂ ಕಾಣಲಿಲ್ಲ. ಸಮತಟ್ಟಾದ ಗಟ್ಟಿ ಪ್ಲೇಟಿನ ಮೇಲೆ ಕಾಗದ ಹಾಸಿ, ಸೂಕ್ಷ್ಮ ಪೇಸ್ಟಿನಲ್ಲಿ ಹತ್ತು ಸಲ ಮಾತ್ರ ಆಡಿಸಿ ಮತ್ತೆ ಇಟ್ಟೆವು. ಮಸುಕಾಗಿ, ಸ್ವಲ್ಪವೇ ಬಾಗಿದ ಎರಡು ಪಟ್ಟಿ ಕಂಡವು.

ಬಫ್ ಚಕ್ರವನ್ನು ಬೈಕಿನ ಸೈಲೆನ್ಸರ್ ಪಾಲಿಶಿಗೆ ಎತ್ತಿಟ್ಟಿದ್ದೇನೆ. ಹೊಸ ಬಿಲ್ಲೆಯನ್ನು ಸೋರುತ್ತಿದ್ದ ಪಂಪಿಗೆ ಹಾಕಿ ಇವತ್ತಿಗೆ ಹನ್ನೆರಡು ದಿನವಾಯಿತು. ಶಬ್ದವಿಲ್ಲ, ಹನಿಯಿಲ್ಲ.

ಲ್ಯಾಪ್_ಪ್ಲೇಟ್

ಸಂತೋಷ. ಕಾರ್ಬನ್ನನ್ನು ಮಾತ್ರ ಅದೇ ಪೇಸ್ಟಿನಲ್ಲಿ ತಿಕ್ಕಬೇಡಿ. ಡೈಮಂಡಿನ ಕಣ ಮೆತ್ತನೆಯ ಕಾರ್ಬನ್ನಿನೊಳಗೆ ಹುದುಗಿ ಕೂತರೆ, ಸೆರಾಮಿಕ್ಕಿಗೆ ನೀವೇ ಮರಳು ಕಾಗದ ಅಂಟಿಸಿ ಕೊಟ್ಟಂತಾಗುತ್ತದೆ. ಹೊಸ ಕಾರ್ಬನ್ ಬಂದ ಹಾಗೆಯೇ ಇರಲಿ. ಅದು ಮೊದಲ ಕೆಲವು ಗಂಟೆ ತಾನಾಗಿ ಸವೆದು ಎದುರಿನ ಮುಖಕ್ಕೆ ಹೊಂದಿಕೊಳ್ಳುತ್ತದೆ, ತನ್ನ ಗ್ರಾಫೈಟಿನ ತೆಳು ಲೇಪವನ್ನು ಸೆರಾಮಿಕ್ಕಿನ ಮೇಲೂ ಬಳಿಯುತ್ತದೆ.

ಶರಾವತಿ_ಹಿನ್ನೀರು

ಎಲ್ಲ ಸರಿ, ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಫುಟ್‌ವಾಲ್ವ್ ಏನಾಯಿತು?

ತೀರ್ಥಹಳ್ಳಿ_ಪಂಪ್‌ಶೆಡ್

ಅದನ್ನು ಹೇಳಲು ಮರೆತಿದ್ದೆ. ಪಂಪು ಕೂರಿಸುವಾಗ ನೋಡಿದೆ, ಫುಟ್‌ವಾಲ್ವಿನ ಚರ್ಮದ ಬಿಲ್ಲೆಯ ಕೆಳಗೆ ಒಂದು ಎಲೆಯ ತುಂಡು ಸಿಕ್ಕಿಕೊಂಡಿತ್ತು. ತೆಗೆದು ಹೊಸ ಚರ್ಮ ಹಾಕಿದೆ.

ಶರಾವತಿ_ಹಿನ್ನೀರು

ನೋಡಿದಿರಾ! ಮೊದಲ ದಿನವೇ ಹೇಳಿದ್ದೆ. ಪಂಪು ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಒಣಗಿ ಓಡಿದೆ, ಅದಕ್ಕೇ ಸೀಲು ಹೋದದ್ದು.

ಲ್ಯಾಂಬ್ಡಾ

ಒಣಗಿ ಓಡಿದ್ದರೆ ಕಾರ್ಬನ್ನಿನ ಮುಖ ಪೂರ್ತಿ ಸವೆಯಬೇಕಿತ್ತು, ನಡುವಿನ ಒಂದು ಮಿ.ಮೀ. ಪಟ್ಟಿ ಮಾತ್ರ ಸವೆದದ್ದಕ್ಕೆ ಉಬ್ಬೇ ಕಾರಣ. ಆದರೆ ಶರಾವತಿಯವರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಪಂಪ್‌ಶೆಡ್ ಅವರೇ, ನೀವು ಬಿಲ್ಲೆಯನ್ನೂ ಫುಟ್‌ವಾಲ್ವನ್ನೂ ಒಂದೇ ದಿನ ಬದಲಿಸಿದಿರಿ. ಈಗ ಯಾವುದರಿಂದ ಎಷ್ಟು ಗುಣವಾಯಿತು ಎಂದು ಹೇಗೆ ಹೇಳುವುದು? ನ್ಯಾಯವಾಗಿ ಬಫ್ ಮಾಡಿದ ಬಿಲ್ಲೆಯನ್ನು ಹೊಸ ಫುಟ್‌ವಾಲ್ವಿನ ಜೊತೆ ಮತ್ತೊಮ್ಮೆ ಹಾಕಿ ನೋಡಬೇಕು.

ತೀರ್ಥಹಳ್ಳಿ_ಪಂಪ್‌ಶೆಡ್

ಅದನ್ನು ತೋಟದ ಯಜಮಾನರಿಗೆ ನೀವೇ ಬಂದು ಹೇಳಿ, ಸರ್. ಅಡಿಕೆ ಸಸಿಗೆ ನೀರು ಬಿಡುವ ಏಪ್ರಿಲ್ ತಿಂಗಳಲ್ಲಿ, ಸೋರುತ್ತದೋ ಇಲ್ಲವೋ ನೋಡಲು ಕೆಟ್ಟ ಬಿಲ್ಲೆ ಹಾಕುತ್ತೇನೆ ಎಂದರೆ ಅವರು ನನ್ನ ಟೂಲ್ ಬಾಕ್ಸನ್ನು ಹಳ್ಳಕ್ಕೆ ಎಸೆಯುತ್ತಾರೆ.